ಜೀನ್ ಪರೀಕ್ಷೆಯಲ್ಲಿ ದೋಷವಿಲ್ಲ ಎಂದು ಬಂದರೂ ವಂಶಪಾರಂಪರ್ಯ ಸ್ನಾಯುಕ್ಷಯ ಇರಲು ಸಾಧ್ಯವೇ?

ಸಕಲೇಶಪುರದ ಬೆಳೆಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಸಕಲೇಶಪುರ ತಾಲ್ಲೂಕಿನಲ್ಲಿ ಕಾಫಿ, ಮೆಣಸು ಬೆಳೆಯುವ ಕುಟುಂಬದವರು. ನನ್ನ ತಮ್ಮನಿಗೆ ಈಗ 26 ವರ್ಷ. ಕೆಲವು ವರ್ಷಗಳಿಂದ ಅವನಿಗೆ ಕೈಗಳನ್ನು ಹೆಗಲಿನ ಮಟ್ಟಕ್ಕಿಂತ ಮೇಲೆ ಎತ್ತುವುದು ಕಷ್ಟವಾಗುತ್ತಾ ಬಂದಿದ್ದು, ಏಣಿ ಹತ್ತಿ ಮೆಣಸು ಕೊಯ್ಯುವುದನ್ನೂ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವುದನ್ನೂ ಬಿಟ್ಟುಬಿಟ್ಟಿದ್ದಾನೆ. ಬಲಗಡೆಯ ರೆಕ್ಕೆಮೂಳೆ ಬೆನ್ನಿನಿಂದ ಎದ್ದು ಕಾಣುತ್ತದೆ, ಎಡಗಡೆ ಅಷ್ಟಾಗಿ ಇಲ್ಲ. ಇತ್ತೀಚೆಗೆ ನಡೆಯುವಾಗ ಬಲಪಾದದ ಮುಂಭಾಗ ನೆಲಕ್ಕೆ ತಗಲಿ ಎಡವುತ್ತಾನೆ.

ಹಾಸನದಲ್ಲಿ ತೋರಿಸಿದಾಗ ವೈದ್ಯರು ಸ್ನಾಯುಕ್ಷಯದ ಶಂಕೆ ವ್ಯಕ್ತಪಡಿಸಿ ರಕ್ತದಲ್ಲಿ ಸಿಪಿಕೆ (ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಕಿಣ್ವ) ಪ್ರಮಾಣ ನೋಡಿಸಿದರು. ಅದು ಸ್ವಲ್ಪ ಮಾತ್ರ ಹೆಚ್ಚಿತ್ತು. ಅನಂತರ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಎಕ್ಸೋಮ್ ಪರೀಕ್ಷೆ ಮಾಡಿಸಿದೆವು. ರೋಗಕ್ಕೆ ಕಾರಣವಾಗಬಲ್ಲ ಯಾವ ಬದಲಾವಣೆಯೂ ಕಂಡುಬಂದಿಲ್ಲ ಎಂದು ವರದಿ ಬಂದಾಗ ಮನೆಯವರೆಲ್ಲ ಸಮಾಧಾನಪಟ್ಟೆವು. ಆದರೆ ಅದೇ ವರದಿಯನ್ನು ನೋಡಿದ ನರರೋಗ ತಜ್ಞರು, ಇದು ಎಫ್‌ಎಸ್‌ಎಚ್‌ಡಿ ಎಂಬ ಸ್ನಾಯುಕ್ಷಯ ಆಗಿರುವ ಸಾಧ್ಯತೆಯೇ ಹೆಚ್ಚು, ಅದರ ಮೂಲ ಪ್ರೋಟೀನ್ ತಯಾರಿಸುವ ಭಾಗದಲ್ಲಿಲ್ಲ, ಅದು ಎಪಿಜೆನೆಟಿಕ್ ಸ್ವರೂಪದ್ದು, ಆದ್ದರಿಂದ ಬೇರೆಯೇ ಪರೀಕ್ಷೆ ಬೇಕು ಎಂದರು. ಹೊರಗೆ ಬಹಳ ರೋಗಿಗಳು ಕಾದಿದ್ದರಿಂದ ಹೆಚ್ಚು ಕೇಳಲಾಗಲಿಲ್ಲ.

ನನಗೆ ಮುಖ್ಯವಾಗಿ ಮೂರು ಸಂಗತಿಗಳು ತಿಳಿಯಬೇಕಾಗಿವೆ. ಜೀನುಗಳೆಲ್ಲ ಸರಿಯಿದ್ದರೂ ವಂಶಪಾರಂಪರ್ಯ ರೋಗ ಬರುವುದು ಹೇಗೆ? ಎಪಿಜೆನೆಟಿಕ್ ಎಂದರೆ ಆಹಾರ, ಔಷಧಿ ಸಿಂಪಡಣೆ ಮೊದಲಾದವುಗಳಿಂದ ಆಗುವಂಥದ್ದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ತಮ್ಮ ಪ್ರತಿವರ್ಷ ಮಳೆಗಾಲದ ಮುಂಚೆ ತೋಟಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಿದ್ದುದೇ ಇದಕ್ಕೆ ಕಾರಣವೇ? ವಿಶೇಷ ಪಥ್ಯ ಮತ್ತು ಪುಡಿಗಳಿಂದ ಇದನ್ನು ಹಿಂದಕ್ಕೆ ತಿರುಗಿಸಬಹುದು ಎಂದು ಇನ್ನೊಬ್ಬರು ದೊಡ್ಡ ಮೊತ್ತವನ್ನೇ ಕೇಳುತ್ತಿದ್ದಾರೆ. ಮೂರನೆಯದು ನನಗೆ ಎಲ್ಲಕ್ಕಿಂತ ನೋವಿನದು. ನಮ್ಮ ಅಮ್ಮ, ಅಪ್ಪನಿಗೆ ಸ್ವಂತ ಅಕ್ಕನ ಮಗಳು. ಸಂಬಂಧದಲ್ಲಿ ಮದುವೆಯಾದದ್ದರಿಂದಲೇ ಹೀಗಾಯಿತು ಎಂದು ನೆಂಟರು ಆಡಿಕೊಳ್ಳುವುದನ್ನು ಕೇಳಿ ಅಮ್ಮ ಕೊರಗುತ್ತಿದ್ದಾರೆ.

ಒಂದು ವಿಷಯ ಉಪಯೋಗಕ್ಕೆ ಬರಬಹುದು ಎಂದು ಸೇರಿಸುತ್ತಿದ್ದೇನೆ. ಅಪ್ಪನಿಗೆ 58 ವರ್ಷ. ಮಲಗಿದಾಗ ಅವರ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಶಿಳ್ಳೆ ಹೊಡೆಯಲು ಅವರಿಗೆ ಚಿಕ್ಕಂದಿನಿಂದಲೂ ಬರುತ್ತಿರಲಿಲ್ಲವಂತೆ. ಅದನ್ನು ನಾವು ಯಾರೂ ರೋಗವೆಂದು ಎಣಿಸಿರಲಿಲ್ಲ.

ಹಾಸನದ ಜೀವಶಾಸ್ತ್ರ ಅಧ್ಯಾಪಕಿ

ನಾನು ವೈದ್ಯಳಲ್ಲ, ತಳಿವಿಜ್ಞಾನ ಓದಿ ಅದನ್ನೇ ಕಾಲೇಜಿನಲ್ಲಿ ಕಲಿಸುತ್ತಿದ್ದೇನೆ. ಆದ್ದರಿಂದ ರೋಗನಿರ್ಣಯದ ಮಾತು ನಿಮ್ಮ ತಜ್ಞರದ್ದೇ. ಆದರೆ ಅವರು ಹೇಳಿದ ವಾಕ್ಯದ ಹಿಂದಿನ ವಿಜ್ಞಾನವನ್ನು ನಾನು ವಿವರಿಸಬಲ್ಲೆ. ನಿಮ್ಮ ತಂದೆಯವರ ಬಗ್ಗೆ ನೀವು ಕೊನೆಯಲ್ಲಿ ಬರೆದ ಸಾಲುಗಳೇ ಈ ಪ್ರಶ್ನೆಯಲ್ಲಿ ಅತಿ ಮುಖ್ಯವಾದವು ಎಂದು ನನಗೆ ತೋರುತ್ತದೆ. ದಯವಿಟ್ಟು ಅವುಗಳನ್ನು ವೈದ್ಯರಿಗೂ ಹೇಳಿ.

ಎಫ್‌ಎಸ್‌ಎಚ್‌ಡಿ ಎಂಬುದು ಮುಖ, ರೆಕ್ಕೆಮೂಳೆಯ ಸುತ್ತಲಿನ ಭಾಗ ಮತ್ತು ತೋಳಿನ ಸ್ನಾಯುಗಳನ್ನು ಮೊದಲು ಹಿಡಿಯುವ, ಬಹುಪಾಲು ಜನರಲ್ಲಿ ಒಂದು ಪಕ್ಕಕ್ಕಿಂತ ಇನ್ನೊಂದು ಪಕ್ಕ ಹೆಚ್ಚು ದುರ್ಬಲವಾಗುವ ಸ್ನಾಯುಕ್ಷಯ. ಇದನ್ನು 1880ರ ದಶಕದಲ್ಲಿಯೇ ಫ್ರಾನ್ಸಿನ ಲಾಂದೂಜಿ ಮತ್ತು ದೆಜೆರಿನ್ ಎಂಬ ವೈದ್ಯರು ವಿವರಿಸಿದ್ದರು. ಕಾರಣ ಮಾತ್ರ ಸ್ಪಷ್ಟವಾಗಲು ನೂರಿಪ್ಪತ್ತೈದು ವರ್ಷಗಳಷ್ಟು ಕಾಲ ಹಿಡಿಯಿತು. ಅಷ್ಟು ತಡವಾದದ್ದಕ್ಕೂ ನಿಮ್ಮ ವರದಿಯಲ್ಲಿ ದೋಷ ಸಿಗದೆ ಹೋದದ್ದಕ್ಕೂ ಒಂದೇ ಕಾರಣವಿದೆ: ಎಲ್ಲರೂ ಹುಡುಕುವ ಜಾಗದಲ್ಲಿ ಈ ರೋಗದ ಮೂಲವಿಲ್ಲ.

ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅವುಗಳಲ್ಲಿ ಪ್ರೋಟೀನ್ ತಯಾರಿಕೆಗೆ ನೇರವಾಗಿ ಸೂಚನೆ ಕೊಡುವ ಭಾಗ ಶೇಕಡ ಒಂದೆರಡರಷ್ಟು ಮಾತ್ರ. ಎಕ್ಸೋಮ್ ಪರೀಕ್ಷೆ ಓದುವುದು ಈ ಸಣ್ಣ ಭಾಗವನ್ನು. ಉಳಿದದ್ದರಲ್ಲಿ ಯಾವ ಜೀನು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ನಿಯಂತ್ರಿಸುವ ಭಾಗಗಳಿವೆ, ಒಂದೇ ಪಾಠ ಮತ್ತೆ ಮತ್ತೆ ಬರುವ ಉದ್ದನೆಯ ಸಾಲುಗಳೂ ಇವೆ. ಅಂಥ ಒಂದು ಸಾಲು ನಾಲ್ಕನೆಯ ವರ್ಣತಂತುವಿನ ಉದ್ದ ತೋಳಿನ ತುದಿಯಲ್ಲಿದೆ. ಅದರ ಹೆಸರು ಡಿ4ಜೆಡ್4. ಸುಮಾರು 3,300 ಅಕ್ಷರಗಳ ಒಂದು ತುಂಡು ಅಲ್ಲಿ ಸಾಲಾಗಿ ಜೋಡಿಸಿಕೊಂಡಿರುತ್ತದೆ: ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 11ರಿಂದ 100ರವರೆಗೆ, ಕೆಲವರಲ್ಲಿ ಅದಕ್ಕೂ ಹೆಚ್ಚು. ಎಫ್‌ಎಸ್‌ಎಚ್‌ಡಿ ಇರುವ ಬಹುಪಾಲು ಜನರಲ್ಲಿ, ಎರಡು ನಾಲ್ಕನೆಯ ವರ್ಣತಂತುಗಳ ಪೈಕಿ ಒಂದರಲ್ಲಿ, ಈ ತುಂಡುಗಳ ಸಂಖ್ಯೆ 1ರಿಂದ 10ಕ್ಕೆ ಇಳಿದಿರುತ್ತದೆ. ಇದು 1992ರಲ್ಲಿ ತಿಳಿಯಿತು. ಆದರೆ ತುಂಡುಗಳು ಕಡಿಮೆಯಾದರೆ ಸ್ನಾಯು ಏಕೆ ಸವೆಯಬೇಕು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಪ್ರತಿ ತುಂಡಿನೊಳಗೂ ಡಕ್ಸ್4 ಎಂಬ ಜೀನಿನ ಒಂದು ಪ್ರತಿ ಅಡಗಿದೆ ಎಂಬುದು 1999ರಲ್ಲಿ ಗೊತ್ತಾಯಿತು. ಈ ಜೀನು ಕೆಟ್ಟದ್ದಲ್ಲ. ಮನುಷ್ಯ ಭ್ರೂಣ ನಾಲ್ಕು ಕೋಶಗಳ ಹಂತದಲ್ಲಿರುವಾಗ ಅದು ಸ್ವಲ್ಪ ಹೊತ್ತು ಎಚ್ಚೆತ್ತು, ಭ್ರೂಣದ ಸ್ವಂತ ಜೀನುಗಳು ಕೆಲಸ ಆರಂಭಿಸಲು ನೆರವಾಗುತ್ತದೆ; ಅನಂತರ ದೇಹದ ಬಹುತೇಕ ಎಲ್ಲ ಕೋಶಗಳಲ್ಲಿ ಅದನ್ನು ಶಾಶ್ವತವಾಗಿ ಸುಮ್ಮನಾಗಿಸಲಾಗುತ್ತದೆ. ಸುಮ್ಮನಾಗಿಸುವ ಆ ವ್ಯವಸ್ಥೆಯೇ ಎಪಿಜೆನೆಟಿಕ್ ನಿಯಂತ್ರಣ. ಡಿಎನ್‌ಎ ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳನ್ನು ಕೂರಿಸುವುದು, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳನ್ನು ಬಿಗಿಯಾಗಿ ಅಡಕುವುದು, ಹೀಗೆ ಆ ಪ್ರದೇಶ ಓದಲಾಗದಂತೆ ಮುಚ್ಚಿಹೋಗುತ್ತದೆ. ಅಕ್ಷರಗಳು ಬದಲಾಗುವುದಿಲ್ಲ, ಅವು ಓದಲು ಸಿಗುತ್ತವೆಯೇ ಇಲ್ಲವೇ ಎಂಬುದು ಬದಲಾಗುತ್ತದೆ. ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಕಾಫಿ ಮೂಟೆಗಳ ಭಾರಕ್ಕೆ ತಳದ ಮೂಟೆ ಅಲುಗಾಡದೆ ಕುಳಿತಿರುವಂತೆ, ಡಿ4ಜೆಡ್4 ತುಂಡುಗಳು ಸಾಕಷ್ಟು ಇದ್ದಾಗ ಈ ಮುಚ್ಚುವಿಕೆ ಗಟ್ಟಿಯಾಗಿ ನಿಲ್ಲುತ್ತದೆ. ಸಾಲು ತೀರ ಚಿಕ್ಕದಾದರೆ ಮೀಥೈಲ್ ಗುರುತುಗಳು ಕಡಿಮೆಯಾಗಿ ಬಿಗಿ ಸಡಿಲವಾಗುತ್ತದೆ, ಸ್ನಾಯುಕೋಶದಲ್ಲಿ ಡಕ್ಸ್4 ಆಗಾಗ ಎಚ್ಚರಗೊಳ್ಳುತ್ತದೆ. ಸ್ನಾಯುವಿಗೆ ಸಂಬಂಧವೇ ಇಲ್ಲದ ನೂರಾರು ಜೀನುಗಳನ್ನು ಅದು ಎಬ್ಬಿಸುತ್ತದೆ, ಕೊನೆಗೆ ಆ ಕೋಶ ಸಾಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ರೋಗಿಗಳ ಸ್ನಾಯುಕೋಶಗಳಲ್ಲಿ ಯಾವುದೇ ಒಂದು ಕ್ಷಣಕ್ಕೆ ಸಾವಿರಕ್ಕೆ ಒಂದರ ಸುಮಾರಿನಲ್ಲಿ ಮಾತ್ರ ಡಕ್ಸ್4 ಕಾಣಸಿಗುತ್ತದೆ ಎಂಬುದನ್ನು ನೆನೆದರೆ, ಇದನ್ನು ಕಂಡುಹಿಡಿಯುವುದು ಎಷ್ಟು ಕಷ್ಟವಿತ್ತೆಂಬುದು ಅರ್ಥವಾಗುತ್ತದೆ.

ಇಷ್ಟೇ ಆಗಿದ್ದರೆ ಕಥೆ ಸರಳವಾಗಿರುತ್ತಿತ್ತು. ಆದರೆ ತುಂಡುಗಳು ಕಡಿಮೆಯಿದ್ದೂ ಆರೋಗ್ಯವಾಗಿರುವ ಜನರಿದ್ದಾರೆ. ಈ ಒಗಟನ್ನು 2010ರಲ್ಲಿ ಲೆಮ್ಮರ್ಸ್ ಎಂಬ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಬಿಡಿಸಿದರು. ನಾಲ್ಕನೆಯ ವರ್ಣತಂತುವಿನ ತುದಿ ಎರಡು ಬಗೆಯಲ್ಲಿ ಸಿಗುತ್ತದೆ: 4ಕ್ಯೂಎ ಮತ್ತು 4ಕ್ಯೂಬಿ. ಕೊನೆಯ ತುಂಡಿನ ಆಚೆಗೆ 4ಕ್ಯೂಎಯಲ್ಲಿ ಒಂದು ಪುಟ್ಟ ಸಂಕೇತವಿದೆ. ಜೀನಿನಿಂದ ಹೊರಟ ಆರ್‌ಎನ್‌ಎಗೆ ಬಾಲ ಸೇರಿಸಿ ಅದನ್ನು ಬಾಳಿಕೆ ಬರುವಂತೆ ಮಾಡುವುದು ಅದರ ಕೆಲಸ. 4ಕ್ಯೂಬಿಯಲ್ಲಿ ಆ ಸಂಕೇತವಿಲ್ಲದ ಕಾರಣ ಡಕ್ಸ್4 ಎಚ್ಚೆತ್ತರೂ ಅದರ ಆರ್‌ಎನ್‌ಎ ಉಳಿಯುವುದಿಲ್ಲ, ಪ್ರೋಟೀನ್ ತಯಾರಾಗುವುದಿಲ್ಲ. ಹತ್ತನೆಯ ವರ್ಣತಂತುವಿನ ತುದಿಯಲ್ಲಿಯೂ ಬಹುತೇಕ ಇಂಥದ್ದೇ ಸಾಲಿದೆ, ಅಲ್ಲಿಯೂ ಆ ಸಂಕೇತವಿಲ್ಲದ್ದರಿಂದ ಅದು ಚಿಕ್ಕದಾದರೂ ರೋಗ ಬರುವುದಿಲ್ಲ. ಒಟ್ಟಿನಲ್ಲಿ ರೋಗ ಬರಲು ಸಡಿಲಗೊಂಡ ಸಾಲೂ ಬೇಕು, ಪಕ್ಕದಲ್ಲಿ 4ಕ್ಯೂಎ ತುದಿಯೂ ಬೇಕು. ಇನ್ನೂ ಸೋಜಿಗದ ಸಂಗತಿಯೆಂದರೆ, ಈ ಸಾಲು ಪೂರ್ತಿಯಾಗಿ ಕಳೆದುಹೋದವರಲ್ಲಿ ಈ ರೋಗವೇ ಬರುವುದಿಲ್ಲ. ಕನಿಷ್ಠ ಒಂದು ತುಂಡಾದರೂ ಇರಲೇಬೇಕು.

ಈಗ ಸಿಂಪಡಣೆಯ ಪ್ರಶ್ನೆ. ನಿಮ್ಮ ತಮ್ಮನಲ್ಲಿ ಎಪಿಜೆನೆಟಿಕ್ ಬಿಗಿ ಸಡಿಲವಾಗಿರುವುದು ನಿಜವಾದರೂ ಆ ಸಡಿಲಿಕೆಗೆ ಕಾರಣ ಹುಟ್ಟಿನಿಂದಲೇ ಪಡೆದ ಚಿಕ್ಕ ಸಾಲು. ಮೈಲುತುತ್ತ, ಸುಣ್ಣದಿಂದ ಅದು ಚಿಕ್ಕದಾಗಲಿಲ್ಲ. ಮುಖವಾಡ, ಕೈಗವಸು ಇಲ್ಲದೆ ಸಿಂಪಡಿಸುವುದು ಬೇರೆ ಕಾರಣಗಳಿಗಾಗಿ ಒಳ್ಳೆಯದಲ್ಲ, ಆದರೆ ಈ ತಪ್ಪನ್ನು ಅದರ ತಲೆಗೆ ಕಟ್ಟಬೇಡಿ. ಅದೇ ತರ್ಕದಿಂದ, ಪಥ್ಯವಾಗಲಿ ಪುಡಿಯಾಗಲಿ ನಾಲ್ಕನೆಯ ವರ್ಣತಂತುವಿನ ತುದಿಯಲ್ಲಿರುವ ಒಂದು ಸಾಲನ್ನು ಹುಡುಕಿ ಮತ್ತೆ ಮುಚ್ಚುವುದಿಲ್ಲ. ಆ ಹಣವನ್ನು ದಯವಿಟ್ಟು ಕೊಡಬೇಡಿ. ಸರಿಯಾದ ಪರೀಕ್ಷೆಗೆ ಅದು ಬೇಕಾಗುತ್ತದೆ.

ತಾಯಿಯವರ ವಿಷಯ. ಈ ರೋಗ ಬರಲು ತಂದೆತಾಯಿಯರಿಬ್ಬರಿಂದಲೂ ದೋಷ ಬರಬೇಕೆಂದಿಲ್ಲ, ಒಬ್ಬರಿಂದ ಬಂದರೆ ಸಾಕು. ರಕ್ತಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಬಗೆಯವು, ಎರಡೂ ಕಡೆಯಿಂದ ಒಂದೇ ದೋಷ ಕೂಡಿಬಂದಾಗ ಮಾತ್ರ ತೋರುವಂಥವು. ತಂದೆಯವರ ಲಕ್ಷಣಗಳು ಇದೇ ರೋಗದವಾಗಿದ್ದರೆ, ಅವರು ಪರಸ್ಥಳದ ಹುಡುಗಿಯನ್ನು ಮದುವೆಯಾಗಿದ್ದರೂ ಪ್ರತಿ ಮಗುವಿಗೂ ಅಷ್ಟೇ ಸಾಧ್ಯತೆ, ಅಂದರೆ ಎರಡರಲ್ಲೊಂದು, ಇರುತ್ತಿತ್ತು. ಅಮ್ಮನಿಗೆ ಇದನ್ನು ಇಂದೇ ಹೇಳಿ.

ಚಿಕ್ಕಮಗಳೂರಿನ ಫಿಸಿಯೋಥೆರಪಿಸ್ಟ್

ಮೇಡಂ ಅವರ ವಿವರಣೆಗೆ ಸೇರಿಸಬೇಕಾದದ್ದು ದಿನನಿತ್ಯದ ಕೆಲವು ಸಂಗತಿಗಳು ಮಾತ್ರ.

ರೋಗವನ್ನು ನಿಲ್ಲಿಸುವ ಔಷಧಿ ಇಲ್ಲವೆಂದ ಮಾತ್ರಕ್ಕೆ ಮಾಡಲು ಏನೂ ಇಲ್ಲ ಎಂದು ತಿಳಿಯಬೇಡಿ. ನಿಮ್ಮ ತಮ್ಮ ಎಡವುತ್ತಿರುವುದಕ್ಕೆ ಕಣಕಾಲಿನ ಮುಂಭಾಗದ ಸ್ನಾಯು ದುರ್ಬಲವಾಗಿರುವುದು ಕಾರಣವಾಗಿರಬಹುದು. ಅಳತೆಗೆ ತಕ್ಕ ಹಗುರವಾದ ಪಾದದ ಪಟ್ಟಿ ಹಾಕಿದರೆ ಬೀಳುವ ಅಪಾಯ ಬಹಳ ತಗ್ಗುತ್ತದೆ. ತೋಟದ ಇಳಿಜಾರಿನಲ್ಲಿ, ಮಳೆಗಾಲದ ಜಾರುನೆಲದಲ್ಲಿ ನಡೆಯುವವರಿಗೆ ಇದು ಸಣ್ಣ ಮಾತಲ್ಲ. ವ್ಯಾಯಾಮ ಮಾಡಿದರೆ ಸ್ನಾಯು ಇನ್ನಷ್ಟು ಸವೆಯುತ್ತದೆ ಎಂದು ಹೆದರಿ ಮೂಲೆ ಹಿಡಿದು ಕುಳಿತವರನ್ನು ನಾನು ಕಂಡಿದ್ದೇನೆ. ಹಿತಮಿತವಾದ ನಡಿಗೆ, ಸೈಕಲ್ ತುಳಿತ ಇವುಗಳಿಂದ ಹಾನಿಯಿಲ್ಲ, ಶಕ್ತಿ ಉಳಿಸಿಕೊಳ್ಳಲು ಅವು ಬೇಕು. ಮರುದಿನದವರೆಗೂ ಉಳಿಯುವ ನೋವು, ಆಯಾಸ ಬರುವಷ್ಟು ಮಾಡಬಾರದು, ಅಷ್ಟೇ. ಕೈ ಎತ್ತಲಾಗದೆ ತೀರ ಕಷ್ಟವಾದ ಆಯ್ದ ಕೆಲವರಿಗೆ ರೆಕ್ಕೆಮೂಳೆಯನ್ನು ಪಕ್ಕೆಲುಬಿಗೆ ಭದ್ರಪಡಿಸುವ ಶಸ್ತ್ರಚಿಕಿತ್ಸೆಯೂ ಉಂಟು, ಅದು ಬಹಳ ಯೋಚಿಸಿ ತೆಗೆದುಕೊಳ್ಳಬೇಕಾದ ತೀರ್ಮಾನ.

ಸ್ಟೀರಾಯ್ಡ್ ಮಾತ್ರೆಯ ಬಗ್ಗೆ ಎಚ್ಚರವಿರಲಿ. ಡುಷೆನ್ ಸ್ನಾಯುಕ್ಷಯದ ಮಕ್ಕಳಿಗೆ ಅದು ಉಪಯುಕ್ತವಾದ್ದರಿಂದ ಎಲ್ಲ ಸ್ನಾಯುಕ್ಷಯಕ್ಕೂ ಆಗುತ್ತದೆ ಎಂಬ ಭಾವನೆ ಇದೆ. ಎಫ್‌ಎಸ್‌ಎಚ್‌ಡಿಯಲ್ಲಿ ಅದರಿಂದ ಪ್ರಯೋಜನ ಕಂಡುಬಂದಿಲ್ಲ. ತಂದೆಯವರ ಕಣ್ಣು ರಾತ್ರಿ ಪೂರ್ತಿ ಮುಚ್ಚದಿದ್ದರೆ ಕಣ್ಣಿನ ಮುಂಪದರ ಒಣಗಿ ಹಾನಿಯಾಗಬಹುದು. ನೇತ್ರತಜ್ಞರು ಹೇಳುವ ಲೇಪನ, ಹನಿಗಳಿಂದ ಅದನ್ನು ತಡೆಯುವುದು ಸುಲಭ. ಹೃದಯಕ್ಕೆ ಈ ರೋಗದಿಂದ ತೊಂದರೆ ಅಪರೂಪ, ಉಸಿರಾಟದ ಸಾಮರ್ಥ್ಯವನ್ನು ಒಮ್ಮೆ ಅಳೆಸಿ ದಾಖಲಿಸಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಸ್ನಾಯುಕ್ಷಯವೂ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ಸಂಕೋಚಪಡಬೇಡಿ.

ಅರಸೀಕೆರೆಯ ಓದುಗ

ನಮ್ಮ ಮನೆಯಲ್ಲಿರುವುದು ಬೇರೆ ಸ್ನಾಯುಕ್ಷಯ, ಮಯೊಟೋನಿಕ್ ಡಿಸ್ಟ್ರಫಿ. ಆದರೆ ಅದರ ಮೂಲವೂ ಪ್ರೋಟೀನಿಗೆ ಸೂಚನೆ ಕೊಡುವ ಭಾಗದ ಹೊರಗಡೆಯೇ ಇರುವುದರಿಂದ ಬರೆಯಬೇಕೆನಿಸಿತು. ನಮ್ಮ ಅಜ್ಜನಿಗೆ ಐವತ್ತರ ಆಸುಪಾಸಿನಲ್ಲಿ ಕಣ್ಣಿಗೆ ಪೊರೆ ಬಂದಿತ್ತು, ಬೇರೆ ತೊಂದರೆ ಇರಲಿಲ್ಲ. ನಮ್ಮ ತಾಯಿಗೆ ಮೂವತ್ತೈದರ ನಂತರ, ಹಿಡಿದ ಚೊಂಬನ್ನು ತಕ್ಷಣ ಬಿಡಲಾಗದಂತೆ ಬೆರಳುಗಳು ಬಿಗಿಯತೊಡಗಿದವು. ನನ್ನ ಅಕ್ಕನಿಗೆ ಹದಿನೆಂಟಕ್ಕೇ ಶುರುವಾಯಿತು. ತಲೆಮಾರಿನಿಂದ ತಲೆಮಾರಿಗೆ ಬೇಗ ಬಂದು ಹೆಚ್ಚು ಕಾಡುವುದನ್ನು ನೋಡಿ ಊರಿನವರು ಏನೇನೋ ಹೇಳಿದರು. ಶಾಪ ಎಂದವರೂ ಇದ್ದರು.

ಕಾರಣವನ್ನು ನಮಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಿಳಿಸಿದರು. ಹತ್ತೊಂಬತ್ತನೆಯ ವರ್ಣತಂತುವಿನಲ್ಲಿರುವ ಡಿಎಂಪಿಕೆ ಎಂಬ ಜೀನಿನ ಕೊನೆಯಲ್ಲಿ, ಪ್ರೋಟೀನಿನ ಸೂಚನೆ ಮುಗಿದ ಮೇಲೆ, ಸಿಟಿಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ಸಾಮಾನ್ಯರಲ್ಲಿ ಅದು 5ರಿಂದ 37 ಸಲ. ರೋಗವಿರುವವರಲ್ಲಿ 50ಕ್ಕಿಂತ ಹೆಚ್ಚು, ಕೆಲವರಲ್ಲಿ ಸಾವಿರಕ್ಕೂ ಮೀರಿ. ಪೀಳಿಗೆ ದಾಟುವಾಗ ಈ ಸಂಖ್ಯೆ ಬೆಳೆಯುವುದೇ ರೋಗ ಬೇಗ ಬರಲು ಕಾರಣ. ಇಲ್ಲಿ ಪ್ರೋಟೀನ್ ಕೆಡುವುದಿಲ್ಲ. ಉದ್ದವಾದ ಆರ್‌ಎನ್‌ಎ ಕೋಶಕೇಂದ್ರದಲ್ಲಿ ಗಂಟುಕಟ್ಟಿಕೊಂಡು, ಬೇರೆ ಜೀನುಗಳ ಸಂದೇಶಗಳನ್ನು ಸರಿಯಾಗಿ ಕತ್ತರಿಸಿ ಜೋಡಿಸಬೇಕಾದ ಎಂಬಿಎನ್‌ಎಲ್ ಎಂಬ ಪ್ರೋಟೀನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಸ್ನಾಯು, ಕಣ್ಣು, ಹೃದಯದ ಬಡಿತ ಇವೆಲ್ಲ ಒಟ್ಟಿಗೆ ತೊಂದರೆಗೆ ಒಳಗಾಗುತ್ತವೆ.

ನನ್ನ ಒಂದೇ ವಿನಂತಿ: ತಮ್ಮನ ಹಿಡಿತ ಬಿಡಲು ತಡವಾಗುತ್ತದೆಯೇ ಎಂದು ಗಮನಿಸಿ. ತಡವಾಗುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ನಮ್ಮ ಈ ರೋಗದಲ್ಲಿ ಹೃದಯದ ಇಸಿಜಿ ಪ್ರತಿವರ್ಷ ಬೇಕು, ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ವೈದ್ಯರಿಗೆ ಮೊದಲೇ ತಿಳಿಸದಿದ್ದರೆ ಅಪಾಯವಿದೆ.

ಸಕಲೇಶಪುರದ ಬೆಳೆಗಾರ

ತಮಗೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮೇಡಂ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ತಮ್ಮನಿಗೆ ಹಿಡಿತ ಬಿಡುವುದರಲ್ಲಿ ತೊಂದರೆಯಿಲ್ಲ.

ಇನ್ನೆರಡು ಸಂದೇಹಗಳಿವೆ. ಸಾಲು ಚಿಕ್ಕದಾಗಿರುವುದು ಅಪ್ಪನಿಂದಲೇ ಬಂದಿದ್ದರೆ ಅಪ್ಪ 58ರಲ್ಲೂ ಗಟ್ಟಿಮುಟ್ಟಾಗಿ ತೋಟ ಸುತ್ತುತ್ತಿರುವಾಗ ತಮ್ಮ 26ಕ್ಕೇ ಹೀಗಾದದ್ದೇಕೆ? ನಮ್ಮಲ್ಲಿಯೂ ಅರಸೀಕೆರೆಯವರು ಹೇಳಿದಂತೆ ಸಂಖ್ಯೆ ಬದಲಾಗಿರಬಹುದೇ? ಎರಡನೆಯದು, ನಮ್ಮ ತಂಗಿಗೆ ಮದುವೆಯಾಗಿ ನಾಲ್ಕು ವರ್ಷದ ಮಗಳಿದ್ದಾಳೆ. ಇಬ್ಬರಿಗೂ ಯಾವ ಲಕ್ಷಣವೂ ಇಲ್ಲ. ಅವರಿಗೂ ಈಗಲೇ ಪರೀಕ್ಷೆ ಮಾಡಿಸಬೇಕೇ?

ಕೊಪ್ಪದವರು, ಈಗ ಬೆಂಗಳೂರಿನಲ್ಲಿ

ನಾನು ತಳಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮೊದಲ ಸಂದೇಹದಿಂದ ಆರಂಭಿಸುತ್ತೇನೆ.

ಮಯೊಟೋನಿಕ್ ಡಿಸ್ಟ್ರಫಿಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಸಂಖ್ಯೆ ಬೆಳೆಯುತ್ತದೆ, ಎಫ್‌ಎಸ್‌ಎಚ್‌ಡಿಯಲ್ಲಿ ಹಾಗಲ್ಲ. ಇಲ್ಲಿ ತಂದೆಯಲ್ಲಿರುವ ಸಂಖ್ಯೆಯೇ ಸಾಮಾನ್ಯವಾಗಿ ಮಗನಲ್ಲಿಯೂ ಇರುತ್ತದೆ. ಆದರೂ ಒಂದೇ ಮನೆಯಲ್ಲಿ ಒಬ್ಬರು ಗಾಲಿಕುರ್ಚಿಯಲ್ಲಿದ್ದು ಇನ್ನೊಬ್ಬರಿಗೆ ಲಕ್ಷಣವೇ ಗೋಚರಿಸದಿರುವುದು ಉಂಟು. ಒಂದರಿಂದ ಮೂರು ತುಂಡುಗಳಷ್ಟೇ ಉಳಿದವರಲ್ಲಿ ರೋಗ ಬಾಲ್ಯದಲ್ಲಿಯೇ ಬಂದು ತೀವ್ರವಾಗಿರುವುದು ಹೆಚ್ಚು, ಅಂಥ ಮಕ್ಕಳಲ್ಲಿ ಕಿವಿ ಮತ್ತು ಕಣ್ಣಿನ ಅಕ್ಷಿಪಟವನ್ನೂ ನೋಡಿಸಬೇಕಾಗುತ್ತದೆ. ಎಂಟರಿಂದ ಹತ್ತು ಇರುವವರಲ್ಲಿ ಹಲವರು ಲಕ್ಷಣವಿಲ್ಲದೆಯೇ ಬಾಳುತ್ತಾರೆ. ಇವೆರಡರ ನಡುವಿನವರಲ್ಲಿ ಸಂಖ್ಯೆ ನೋಡಿ ಭವಿಷ್ಯ ಹೇಳಲಾಗದು. ಅಲ್ಲಿ ಉಳಿದಿರುವ ಮೀಥೈಲ್ ಗುರುತುಗಳ ಮಟ್ಟ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದು ಇದಕ್ಕೊಂದು ಕಾರಣ. ಅಧ್ಯಾಪಕಿ ಮೇಡಂ ಬರೆದ ಎಪಿಜೆನೆಟಿಕ್ ಬಿಗಿ ಎಲ್ಲರಲ್ಲಿಯೂ ಒಂದೇ ಸಮನಾಗಿ ಸಡಿಲವಾಗುವುದಿಲ್ಲ. ಹೆಂಗಸರಲ್ಲಿ ರೋಗ ಸಾಮಾನ್ಯವಾಗಿ ಸೌಮ್ಯವಾಗಿದ್ದು, ತಡವಾಗಿ ಕಾಣಿಸಿಕೊಳ್ಳುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಬಿಗಿಯನ್ನು ಕಾಯುವ ಪ್ರೋಟೀನುಗಳಲ್ಲಿಯೇ ದೋಷವಿದ್ದರೂ ಇದೇ ರೋಗ ಬರುತ್ತದೆ. ಹದಿನೆಂಟನೆಯ ವರ್ಣತಂತುವಿನಲ್ಲಿರುವ ಎಸ್‌ಎಂಸಿಎಚ್‌ಡಿ1 ಎಂಬ ಜೀನಿನ ದೋಷದಿಂದ ಹಾಗಾಗುತ್ತದೆಂದು 2012ರಲ್ಲಿ ತಿಳಿಯಿತು. ಇದನ್ನು ಎರಡನೆಯ ಬಗೆ ಎನ್ನುತ್ತಾರೆ, ರೋಗಿಗಳಲ್ಲಿ ಸುಮಾರು ಶೇಕಡ 5ರಷ್ಟು ಜನ ಈ ಬಗೆಯವರು. ಅವರಲ್ಲಿ ಸಾಲು ಅಷ್ಟು ಚಿಕ್ಕದಾಗಿರುವುದಿಲ್ಲ, ಆದರೂ ಸಡಿಲವಾಗಿರುತ್ತದೆ. 4ಕ್ಯೂಎ ತುದಿ ಇವರಿಗೂ ಇರಲೇಬೇಕು. ಮೊದಲ ಬಗೆಯ ಕುಟುಂಬಗಳಲ್ಲಿ ಯಾರಿಗಾದರೂ ಈ ಎರಡನೆಯ ದೋಷವೂ ಕೂಡಿಕೊಂಡರೆ ಅವರಲ್ಲಿ ರೋಗ ತೀವ್ರವಾಗುತ್ತದೆ. ನಿಮ್ಮ ಎಕ್ಸೋಮ್ ವರದಿ ವ್ಯರ್ಥವಾಗಿಲ್ಲ ಎನ್ನುವುದು ಈ ಕಾರಣಕ್ಕೆ: ಎಸ್‌ಎಂಸಿಎಚ್‌ಡಿ1 ಜೀನನ್ನು ಅದು ಓದಿರುತ್ತದೆ. ಸಾಲಿನ ಉದ್ದವನ್ನು ಅಳೆಯಲು ಮಾತ್ರ ಅದಕ್ಕಾಗುವುದಿಲ್ಲ, ಏಕೆಂದರೆ ಆ ಯಂತ್ರಗಳು ಒಮ್ಮೆಗೆ ನೂರೈವತ್ತು ಅಕ್ಷರಗಳ ಸುಮಾರಿಗೆ ಓದಿ ಜೋಡಿಸುತ್ತವೆ. 3,300 ಅಕ್ಷರಗಳ ಒಂದೇ ಪಾಠ ಹಲವು ಸಲ ಬಂದರೆ ಯಾವ ಚೂರು ಎಷ್ಟನೆಯ ತುಂಡಿನದು, ನಾಲ್ಕನೆಯ ವರ್ಣತಂತುವಿನದೋ ಹತ್ತನೆಯದರದೋ ಎಂದು ಬೇರ್ಪಡಿಸಲು ಅವುಗಳಿಗೆ ದಾರಿಯಿಲ್ಲ.

ಬೇಕಾಗಿರುವುದು ಉದ್ದನೆಯ ಡಿಎನ್‌ಎಯನ್ನು ತುಂಡಾಗದಂತೆ ತೆಗೆದು ಅಳೆಯುವ ವಿಧಾನ. ಹಳೆಯದು ಸದರ್ನ್ ಬ್ಲಾಟ್, ಇತ್ತೀಚಿನದು ಆಪ್ಟಿಕಲ್ ಜೀನೋಮ್ ಮ್ಯಾಪಿಂಗ್. ಉದ್ದ ಓದಿನ ನ್ಯಾನೋಪೋರ್ ವಿಧಾನದಲ್ಲಿ ತುಂಡುಗಳ ಎಣಿಕೆಯನ್ನೂ ಮೀಥೈಲ್ ಗುರುತುಗಳನ್ನೂ ಒಟ್ಟಿಗೆ ನೋಡಬಹುದು. ಎಕ್ಸೋಮಿಗೆ ಕೊಟ್ಟು ಉಳಿದ ಹಳೆಯ ಮಾದರಿಯನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ, ತಾಜಾ ರಕ್ತ ಕೊಡಬೇಕಾಗುತ್ತದೆ. ವೈದ್ಯರು ಬರೆಯುವ ಚೀಟಿಯಲ್ಲಿ ಬರಿಯ ಸ್ನಾಯುಕ್ಷಯದ ಜೀನ್ ಪರೀಕ್ಷೆ ಎಂದಿದ್ದರೆ ಮತ್ತೆ ಅದೇ ಎಕ್ಸೋಮ್ ಆಗುವ ಸಂಭವವಿದೆ. ನಾಲ್ಕನೆಯ ವರ್ಣತಂತುವಿನ ಡಿ4ಜೆಡ್4 ಎಣಿಕೆ ಮತ್ತು 4ಕ್ಯೂಎ ನಿರ್ಧಾರ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನ ನರಸ್ನಾಯು ವಿಭಾಗದ ವೈದ್ಯರ ಸಲಹೆ ಪಡೆದು, ಮಾದರಿ ಎಲ್ಲಿಗೆ ಕಳಿಸುವುದು ಎಂದು ಅವರಲ್ಲಿಯೇ ಕೇಳುವುದು ಉತ್ತಮ.

ತಾಯಿಯವರ ವಿಷಯದಲ್ಲಿ ಮೇಡಂ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ, ರೋಗಕ್ಕೆ ಆ ಮದುವೆ ಕಾರಣವಲ್ಲ. ಆದರೆ ಒಂದು ಸಾಧ್ಯತೆಯನ್ನು ಬಿಡುವಂತಿಲ್ಲ. ಅವರು ತಂದೆಯವರ ಅಕ್ಕನ ಮಗಳಾದ್ದರಿಂದ, ಆ ಚಿಕ್ಕ ಸಾಲು ಅಜ್ಜ ಅಥವಾ ಅಜ್ಜಿಯಿಂದ ಬಂದಿದ್ದರೆ, ತಾಯಿಯವರಲ್ಲಿಯೂ ಅದು ಲಕ್ಷಣವಿಲ್ಲದೆ ಇರಬಹುದು. ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆಯ ಲೆಕ್ಕ ಎರಡರಲ್ಲೊಂದು ಎಂಬಲ್ಲಿಂದ ನಾಲ್ಕರಲ್ಲಿ ಮೂರಕ್ಕೆ ಏರುತ್ತದೆ. ಆದ್ದರಿಂದ ತಮ್ಮನದು ಖಚಿತವಾದ ಮೇಲೆ ವೈದ್ಯರು ತಂದೆ ತಾಯಿ ಇಬ್ಬರನ್ನೂ ಪರಿಶೀಲಿಸಬೇಕು. ಇದನ್ನು ಯಾರ ಮೇಲೂ ತಪ್ಪು ಹೊರಿಸದ ರೀತಿಯಲ್ಲಿ ಅಮ್ಮನಿಗೆ ತಿಳಿಸುವ ಹೊಣೆ ನಿಮ್ಮದು, ಅಥವಾ ಅದಕ್ಕೆಂದೇ ಇರುವ ಜೆನೆಟಿಕ್ ಕೌನ್ಸೆಲರ್ ಅವರದು.

ಹಾಸನದ ಜೀವಶಾಸ್ತ್ರ ಅಧ್ಯಾಪಕಿ

ಕೊಪ್ಪದವರು ತಾಯಿಯವರ ಬಗ್ಗೆ ಬರೆದದ್ದು ಸರಿ, ಅದು ನನ್ನ ಉತ್ತರದಲ್ಲಿ ಇರಬೇಕಿತ್ತು.

ಹೊಸ ಔಷಧಿಗಳ ಪ್ರಯತ್ನದ ಬಗ್ಗೆ ಯಾರೂ ಬರೆಯದ್ದರಿಂದ ನಾನೇ ಹೇಳುತ್ತೇನೆ. ಡಕ್ಸ್4 ತಯಾರಾಗುವುದನ್ನು ತಗ್ಗಿಸಬಹುದೆಂಬ ನಿರೀಕ್ಷೆಯಿದ್ದ ಲೋಸ್ಮಾಪಿಮಾಡ್ ಎಂಬ ಮಾತ್ರೆ 2024ರಲ್ಲಿ ಮೂರನೆಯ ಹಂತದ ಪರೀಕ್ಷೆಯಲ್ಲಿ ಗುರಿ ಮುಟ್ಟಲಿಲ್ಲ. ಅನೇಕ ಕುಟುಂಬಗಳಿಗೆ ಅದು ದೊಡ್ಡ ನಿರಾಶೆ. ಆದರೆ ಡಕ್ಸ್4ರ ಆರ್‌ಎನ್‌ಎಯನ್ನೇ ನೇರವಾಗಿ ನಾಶಪಡಿಸುವ, ಸ್ನಾಯುವಿಗೆ ತಲುಪುವಂತೆ ಪ್ರತಿಕಾಯಕ್ಕೆ ಜೋಡಿಸಿದ ಔಷಧಿಗಳು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿವೆ. ಇಂಥ ಪರೀಕ್ಷೆಗಳಿಗೆ ಸೇರಲು ಡಿಎನ್‌ಎ ಮಟ್ಟದಲ್ಲಿ ಖಚಿತವಾದ ರೋಗನಿರ್ಣಯವನ್ನು ಕೇಳುತ್ತಾರೆ. ಔಷಧಿಯಿಲ್ಲದ ಕಾಯಿಲೆಗೆ ಪರೀಕ್ಷೆಗೆ ಖರ್ಚು ಮಾಡುವುದೇಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ ಇದನ್ನೂ ಹೇಳಿ.

ನಿಮ್ಮ ಕೊನೆಯ ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ. ತಂಗಿ ವಯಸ್ಕಳು, ಪರೀಕ್ಷೆ ಮಾಡಿಸಿಕೊಳ್ಳುವುದೂ ಬಿಡುವುದೂ ಅವಳ ತೀರ್ಮಾನ, ಅಣ್ಣನಾಗಿ ನೀವು ಒತ್ತಾಯಿಸುವಂತಿಲ್ಲ. ಅವಳಿಗೆ ಇನ್ನೊಂದು ಮಗುವಿನ ಯೋಚನೆಯಿದ್ದರೆ ಗರ್ಭ ಧರಿಸುವ ಮುಂಚೆಯೇ ಕೌನ್ಸೆಲರ್ ಅವರನ್ನು ಕಾಣುವುದು ಒಳಿತು, ಏಕೆಂದರೆ ಆಗ ಆಯ್ಕೆಗಳು ಹೆಚ್ಚಿರುತ್ತವೆ. ನಾಲ್ಕು ವರ್ಷದ ಮಗುವಿಗೆ, ಲಕ್ಷಣಗಳಿಲ್ಲದಿರುವಾಗ, ಈ ಪರೀಕ್ಷೆ ಮಾಡಿಸಬಾರದೆಂಬುದೇ ತಳಿವಿಜ್ಞಾನ ವೈದ್ಯರ ಸಾಮಾನ್ಯ ನಿಲುವು. ಈಗ ತಿಳಿದರೂ ಮಾಡಬಹುದಾದ ಚಿಕಿತ್ಸೆಯಿಲ್ಲ, ಅದನ್ನು ತಿಳಿಯಬೇಕೋ ಬೇಡವೋ ಎಂಬ ಹಕ್ಕು ಅವಳು ದೊಡ್ಡವಳಾದ ಮೇಲೆ ಅವಳದು. ನಗುವಾಗ ಬಾಯಿ ಒಂದು ಪಕ್ಕಕ್ಕೆ ಹೋಗುವುದು, ನಿದ್ದೆಯಲ್ಲಿ ಕಣ್ಣು ಮುಚ್ಚದಿರುವುದು, ಕರೆದಾಗ ಕೇಳಿಸದಿರುವುದು ಇಂಥವು ಕಂಡರೆ ಮಾತ್ರ ತಡಮಾಡದೆ ಮಕ್ಕಳ ನರರೋಗ ತಜ್ಞರಿಗೆ ತೋರಿಸಲಿ.